ಎದೆಯೆತ್ತರದ ಒಂದು ಸರಳು

ಚಿತ್ರದುರ್ಗದ ಏಳು ಸುತ್ತಿನ ಕೋಟೆಯೊಳಗೆ ಒಂದು ಗರಡಿ ಮನೆ ಇದೆ. ಓಬವ್ವನ ಕಿಂಡಿ, ಏಕನಾಥೇಶ್ವರಿ ಗುಡಿ, ಅಕ್ಕ ತಂಗಿ ಹೊಂಡ ಎಂದು ಓಡಾಡುವ ಪ್ರವಾಸಿಗರಲ್ಲಿ ಹೆಚ್ಚಿನವರು ಅದರ ಕಡೆ ಹೊರಳುವುದಿಲ್ಲ. ನನಗೆ ಮಾತ್ರ ಆ ಜಾಗ ಕೋಟೆಯ ಬತೇರಿಗಳಷ್ಟೇ ಮುಖ್ಯ ಅನ್ನಿಸಿದೆ. ಗೋಡೆ ಎಷ್ಟು ಗಟ್ಟಿಯಿದ್ದರೂ ಅದರ ಹಿಂದೆ ನಿಲ್ಲುವ ಮೈ ಗಟ್ಟಿಯಿರಬೇಕು ಎಂಬುದು ಕೋಟೆ ಆಳಿದ ನಾಯಕರಿಗೆ ಗೊತ್ತಿತ್ತು. ಈ ಜಿಲ್ಲೆಯಲ್ಲಿ ಮಕ್ಕಳು ಬಾರ್ ಮೇಲೆ ಮೊದಲ ಲಾಗ ಹೇಗೆ ಕಲಿಯುತ್ತಾರೆ ಎಂದು ನೋಡಲು ಹೊರಟ ನಾನು ಮೊದಲು ಇಲ್ಲಿಗೆ ಬಂದದ್ದು ಅದಕ್ಕಾಗಿಯೇ.

ಇದೇ ಕೋಟೆಯ ನೆಟ್ಟನೆ ಗೋಡೆಗಳನ್ನು ಹಗ್ಗವಿಲ್ಲದೆ ಏರುವ ಜ್ಯೋತಿರಾಜ್ ಅವರನ್ನು ನಾಡೆಲ್ಲ ‘ಕೋತಿರಾಜ’ ಎಂದು ಕರೆಯುತ್ತದೆ. ಅವರ ಬೆರಳು ಕಲ್ಲಿನ ಸಂದು ಹಿಡಿಯುವುದನ್ನು ಕಂಡ ಮಕ್ಕಳಿಗೆ ತಾವೂ ಏರಬೇಕು ಅನ್ನಿಸುತ್ತದೆ. ಆ ಆಸೆಯನ್ನು ಗದರಿಸಿ ಕೂರಿಸಬಾರದು. ಅದಕ್ಕೆ ಬೇರೆ ಜಾಗ ಕೊಡಬೇಕು: ಕೆಳಗೆ ಮರಳಿರುವ, ಪಕ್ಕದಲ್ಲಿ ಮೇಷ್ಟ್ರು ನಿಂತಿರುವ, ಜಾರಿದರೂ ಎರಡು ಮೊಳಕ್ಕಿಂತ ಹೆಚ್ಚು ಬೀಳದ ಜಾಗ.

ಕೋಟೆಯಿಂದ ಇಳಿದರೆ ಊರೊಳಗಿನ ಜಿಲ್ಲಾ ಕ್ರೀಡಾಂಗಣಕ್ಕೂ ಓಬವ್ವನದೇ ಹೆಸರು. ಹೈದರಾಲಿಯ ಸೈನಿಕರನ್ನು ಕಿಂಡಿಯ ಬಾಯಲ್ಲಿ ಒನಕೆಯಿಂದ ಎದುರಿಸಿದ ಆಕೆಯ ಜಯಂತಿಯನ್ನು 2021ರಿಂದ ರಾಜ್ಯ ಸರ್ಕಾರ ನವೆಂಬರ್ 11ರಂದು ಆಚರಿಸುತ್ತಿದೆ. ಭಾಷಣಗಳಲ್ಲಿ ಆಕೆಯ ಧೈರ್ಯದ ಮಾತು ಬರುತ್ತದೆ, ತೋಳಿನ ಮಾತು ಬರುವುದು ಕಡಿಮೆ. ಒನಕೆ ಎತ್ತಿ ಕುಟ್ಟಿ ಕುಟ್ಟಿ ಗಟ್ಟಿಯಾದ ಭುಜ, ಮುಂಗೈ, ಸೊಂಟ ಇಲ್ಲದಿದ್ದರೆ ಆ ಧೈರ್ಯ ಕೆಲಸಕ್ಕೆ ಬರುತ್ತಿರಲಿಲ್ಲ. ಈಗಿನ ಹುಡುಗಿಯರಿಗೆ ಒನಕೆ ಕೆಲಸವಿಲ್ಲ, ಮರ ಹತ್ತುವ ಸಲುಗೆಯೂ ಇಲ್ಲ. ತಮ್ಮ ಮೈಭಾರವನ್ನು ತಮ್ಮ ಕೈಯಲ್ಲೇ ಎತ್ತಿಕೊಳ್ಳುವ ಸಂದರ್ಭ ಅವರ ದಿನಚರಿಯಲ್ಲಿ ಎಲ್ಲೂ ಬರುವುದಿಲ್ಲ.

ಸಿಂಗಲ್ ಬಾರ್ ಅನ್ನುವುದು ನಮ್ಮ ಬಯಲುಗಳಿಗೆ ಹೊಸದಲ್ಲ. ಎರಡು ಕಂಬ, ಮೇಲೊಂದು ಕಬ್ಬಿಣದ ಸರಳು. ಪಕ್ಕದಲ್ಲಿ ಒಮ್ಮೊಮ್ಮೆ ಡಬಲ್ ಬಾರ್. ಆದರೆ ಅದನ್ನು ನೆಡುವವರ ಕಣ್ಣಮುಂದೆ ಇರುವವನು ಪೊಲೀಸ್ ಇಲ್ಲವೇ ಸೈನ್ಯದ ಭರ್ತಿಗೆ ತಯಾರಾಗುವ ಹುಡುಗ. ಅವನ ಅಳತೆಗೆ ಏಳೆಂಟು ಅಡಿ ಎತ್ತರಕ್ಕೆ ಸರಳು ಹೋಗುತ್ತದೆ. ಐದನೇ ಕ್ಲಾಸಿನ ಮಗು ಕೆಳಗೆ ನಿಂತು ಕತ್ತೆತ್ತಿ ನೋಡುತ್ತದೆ, ಯಾರಾದರೂ ಎತ್ತಿ ಹಿಡಿಸಿದರೆ ಒಂದು ಗಳಿಗೆ ಜೋತಾಡಿ ಧೊಪ್ಪನೆ ಬೀಳುತ್ತದೆ. ಬಾರ್ ಇದ್ದೂ ಮಕ್ಕಳಿಗೆ ಇಲ್ಲದ ಹಾಗೆ.

ದುರ್ಗದಿಂದ ಹೊಳಲ್ಕೆರೆಗೆ ಮೂವತ್ತು ಕಿಲೋಮೀಟರ್ ಆಸುಪಾಸು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಊರಲ್ಲಿ ಬಯಲು ಗಣಪತಿಗೆ ಕೈ ಮುಗಿದು ತಾಲ್ಲೂಕಿನ ಒಳಗೆ ಹೋದರೆ ಮಲ್ಲಾಡಿಹಳ್ಳಿ ಸಿಗುತ್ತದೆ. ಕರ್ನಾಟಕದಲ್ಲಿ ವ್ಯಾಯಾಮ ಕಲಿಸುವ ಮೇಷ್ಟರ ಕಥೆ ಬರೆಯುವವರು ಈ ಹಳ್ಳಿಯನ್ನು ಬಿಟ್ಟು ಮುಂದೆ ಹೋಗಲಾರರು. 1943ರಲ್ಲಿ ಇಲ್ಲಿ ಅನಾಥ ಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ ಮೂಲತಃ ಕರಾವಳಿಯ ಬಾರ್ಕೂರಿನ ಕಡೆಯವರು. ಊರೂರು ತಿರುಗಿ ಯೋಗ, ವ್ಯಾಯಾಮದ ಶಿಬಿರ ನಡೆಸುತ್ತ, ಆಯುರ್ವೇದದ ಔಷಧ ಕೊಡುತ್ತ, ಜೋಳಿಗೆ ಹಿಡಿದು ಬೇಡಿ ತಂದ ಹಣದಲ್ಲಿ ಶಾಲೆ, ಆಸ್ಪತ್ರೆ ಕಟ್ಟಿದವರು. ‘ತಿರುಕ’ ಎಂಬ ಹೆಸರಿನಲ್ಲಿ ಬರೆದರು. ಅವರ ಆತ್ಮಕಥೆಯ ಹೆಸರು ‘ಜೋಳಿಗೆಯ ಪವಾಡ’. 1996ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ತೀರಿಕೊಂಡರು. ಇಲ್ಲಿ ದೈಹಿಕ ಶಿಕ್ಷಣದ ತರಬೇತಿ ಪಡೆದವರು ರಾಜ್ಯದ ಎಷ್ಟೋ ಶಾಲೆಗಳಲ್ಲಿ ಸೀಟಿ ಹಿಡಿದು ನಿಂತಿದ್ದಾರೆ.

ಅದೇ ಕಾಲಮಾನದಲ್ಲಿ ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ತಮ್ಮ ವ್ಯಾಯಾಮಶಾಲೆಯಲ್ಲಿ ಪೇಟೆಯ ಹುಡುಗರ ಮೈ ತಿದ್ದುತ್ತಿದ್ದರು. ‘ಶಾಂತಲಾ’ ಕಾದಂಬರಿ ಬರೆದವರೂ ಅವರೇ. ಮೈ ದಂಡಿಸುವವರಿಗೂ ಅಕ್ಷರಕ್ಕೂ ದೂರ ಎಂಬ ಮಾತನ್ನು ನಮ್ಮಲ್ಲಿ ಯಾರು ಹುಟ್ಟುಹಾಕಿದರೋ! ಅಯ್ಯರ್, ತಿರುಕ ಇಬ್ಬರೂ ಅದನ್ನು ಸುಳ್ಳು ಮಾಡಿದವರು.

ನಾನು ನೋಡಬೇಕೆಂದಿದ್ದ ಪಾಠ ನಡೆಯುತ್ತಿದ್ದದ್ದು ಇದೇ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಹಿಂಬದಿಯ ಬಯಲಲ್ಲಿ. ಬೇವಿನ ಮರದ ನೆರಳು ಬೀಳುವ ಕಡೆ ಎದೆಯೆತ್ತರದ ಒಂದು ಬಾರ್, ಅದರಡಿ ಮರಳು ಗುಂಡಿ. ನೆರಳು ನೋಡಿಯೇ ಕಂಬ ನೆಟ್ಟಿದ್ದಾರೆ. ದುರ್ಗದ ಬಿಸಿಲಿಗೆ ಸಿಕ್ಕ ಕಬ್ಬಿಣವನ್ನು ಹತ್ತು ಗಂಟೆಯ ಮೇಲೆ ಮುಟ್ಟುವಂತಿಲ್ಲ. ದೈಹಿಕ ಶಿಕ್ಷಣದ ಮೇಷ್ಟ್ರು ಮಲ್ಲಾಡಿಹಳ್ಳಿಯಲ್ಲೇ ಕಲಿತವರು, ನಿವೃತ್ತಿಗೆ ಹತ್ತಿರವಾದವರು. ಪಾಠಕ್ಕೆ ಮೊದಲು ಅವರು ಇಬ್ಬರು ಹುಡುಗರ ಕೈಗೆ ಸಲಿಕೆ ಕೊಟ್ಟು ಮರಳನ್ನು ಅಗೆಸಿದರು. ಮರಳು ಹಾಗೇ ಬಿಟ್ಟರೆ ಮಳೆ, ತುಳಿತಕ್ಕೆ ನೆಲದಷ್ಟೇ ಗಟ್ಟಿಯಾಗುತ್ತದೆ. ಒಂದಡಿ ಆಳಕ್ಕೆ ಸಡಿಲವಾಗಿದ್ದರೆ ಮಾತ್ರ ಅದು ಮರಳು ಗುಂಡಿ. ಕಲ್ಲು, ಗಾಜಿನ ಚೂರು ಆರಿಸಿದರು. ಒಣ ಬಟ್ಟೆಯಿಂದ ಸರಳಿನ ಮೇಲಿನ ಇಬ್ಬನಿ ಒರೆಸಿದರು. ಆಮೇಲೆ ಹುಡುಗಿಯರ ಕಡೆ ತಿರುಗಿ, “ಬಳೆ ಎಲ್ಲ ತೆಗೆದು ಡಬ್ಬಿಗೆ ಹಾಕ್ರಮ್ಮ. ಜಡೆ ಎತ್ತಿ ಕಟ್ಕೊಳ್ಳಿ. ಅಂಗಿ ಪ್ಯಾಂಟೊಳಗೆ ಹಾಕ್ಕಂಡ್ರಾ?” ಎಂದರು. ತಲೆ ಕೆಳಗಾದಾಗ ಅಂಗಿ ಜಾರೀತು ಎಂಬ ನಾಚಿಕೆ ಇದ್ದರೆ ಹುಡುಗಿ ಅರ್ಧಕ್ಕೇ ಕೈಬಿಡುತ್ತಾಳೆ, ಬೀಳುವುದು ಆಗಲೇ ಎಂದು ನನಗೆ ವಿವರಿಸಿದರು.

ಆ ದಿನದ ಪಾಠ ಪುಲ್‌ಓವರ್. ಬಾರ್ ಮೇಲೆ ಕಲಿಯುವ ಮೊದಲ ಪಟ್ಟು ಅದು. ನೆಲದಲ್ಲಿ ನಿಂತು ಸರಳು ಹಿಡಿದು, ಕಾಲನ್ನು ಮುಂದಕ್ಕೂ ಮೇಲಕ್ಕೂ ಬೀಸಿ, ಹಿಮ್ಮುಖವಾಗಿ ಸರಳನ್ನು ಒಂದು ಸುತ್ತು ಬಳಸಿ, ಕೊನೆಗೆ ಕೈಗಳನ್ನು ನೆಟ್ಟಗೆ ಮಾಡಿ ಸರಳಿನ ಮೇಲೆ ಏರಿ ನಿಲ್ಲುವುದು. ಜಿಮ್ನಾಸ್ಟಿಕ್ಸ್‌ನಲ್ಲಿ ಮುಂದೆ ಬರುವ ಎಲ್ಲ ಸುತ್ತುಗಳಿಗೂ ಮಗು ಮೊದಲು ಸರಳಿನ ಮೇಲೆ ಬಂದಿರಬೇಕು. ಮೇಲೆ ಬರುವ ಮೊದಲ ದಾರಿ ಇದು.

ಸುತ್ತುವ ಮಾತು ಶುರುವಾಗುವ ಮೊದಲು ಜೋತುಬೀಳುವುದು. ಬಾರ್ ತಗ್ಗಾದ್ದರಿಂದ ಮಕ್ಕಳು ಮೊಣಕಾಲು ಮಡಚಿ ಜೋತರು. ಬರೀ ಜೋತರೆ ಸಾಲದು; ಭುಜ ಕಿವಿಗೆ ತಾಗುವಷ್ಟು ಮೇಲೆ ಹೋಗಿದ್ದರೆ ಮೇಷ್ಟ್ರು ಬೆರಳಿನಿಂದ ಮುಟ್ಟಿ ಕೆಳಗಿಳಿಸುತ್ತಿದ್ದರು. ಹೆಬ್ಬೆರಳು ಸರಳನ್ನು ಕೆಳಗಿನಿಂದ ಸುತ್ತಿರಬೇಕು. ಐದು ಬೆರಳನ್ನೂ ಒಂದೇ ಕಡೆ ಹಾಕಿ ಹಿಡಿಯುವ ಅಭ್ಯಾಸ ಕೆಲವರಿಗಿತ್ತು, ಅದನ್ನು ಕಂಡಲ್ಲೇ ನಿಲ್ಲಿಸಿದರು. ಆಮೇಲೆ ಗದ್ದವನ್ನು ಸರಳಿನ ಮಟ್ಟಕ್ಕೆ ತಂದು ಹತ್ತು ಎಣಿಸುವ ತನಕ ತಡೆದು ಹಿಡಿಯುವುದು, ಆಮೇಲೆ ಮೊಣಕಾಲನ್ನು ಎದೆಗೆ ಎಳೆದುಕೊಳ್ಳುವುದು. ಈ ಎರಡು ಬಂದವರಿಗೆ ಮಾತ್ರ ಮುಂದಿನ ಪಾಠ. ಬಾರದವರಿಗೆ ಅದೇ ಬೇವಿನ ಕೆಳಗೆ ದಂಡೆ, ಬಸ್ಕಿ.

ಒಬ್ಬ ದಪ್ಪ ತೋಳಿನ ಹುಡುಗ ಮೊದಲು ಬಂದ. ಕಾಲು ಬೀಸಿದ, ತಲೆಯನ್ನು ಹಿಂದಕ್ಕೆ ಎಸೆದ, ತೋಳು ಉದ್ದಕ್ಕೆ ಬಿಚ್ಚಿಕೊಂಡಿತು, ಸೊಂಟ ಸರಳಿನಿಂದ ದೂರ ಹೋಯಿತು, ಕಾಲು ಬಂದ ದಾರಿಯಲ್ಲೇ ಮರಳಿಗೆ ಇಳಿಯಿತು. ಬಲ ಹಾಕಿದಷ್ಟೂ ಹಾಗೇ ಆಯಿತು. ಅವನ ಹಿಂದೆ ನಿಂತಿದ್ದ ಸಣ್ಣ ಕಟ್ಟಿನ ಹುಡುಗಿಯೊಬ್ಬಳು ಸದ್ದಿಲ್ಲದೆ ಬಂದು, ಮೊಣಕೈ ಮಡಚಿಟ್ಟುಕೊಂಡು, ಸರಳನ್ನು ಎದೆಯ ಹತ್ತಿರವೇ ಇಟ್ಟುಕೊಂಡು ಕಾಲು ಬೀಸಿದಳು. ಮೇಷ್ಟರ ಒಂದು ಕೈ ಅವಳ ಬೆನ್ನಿನ ಕೆಳಭಾಗಕ್ಕೆ ತಾಗಿ ಎತ್ತಿತು, ಅಷ್ಟೇ. ಅವಳು ಮೇಲಿದ್ದಳು.

ಹುಡುಗ ಬೆರಗಾಗಿ ನೋಡುತ್ತಿದ್ದ. “ಸಾರ್, ನಂಗ್ಯಾಕೆ ಆಗ್ತಿಲ್ಲ?”

“ನೀನು ಸರಳಿನಿಂದ ದೂರ ಓಡ್ತಿದೀಯ ಕಣಪ್ಪ. ಹೊಟ್ಟೆನ ಸರಳಿನ ಹತ್ರ ತಗಂಡ್ ಬಾ. ಗದ್ದ ಎದೆಗಿರ್ಲಿ. ಆಮೇಲೆ ಸರಳಿನ ಮೇಲೆ ಕಂಬಳಿ ಒಣಹಾಕಿದಂಗೆ ಬೀಳು. ಕಾಲಿನ ಭಾರ ಆ ಕಡೆ ಹೋದ್ರೆ ತಲೆ ತಾನೇ ಏಳ್ತದೆ.”

ಆ ನಾಲ್ಕು ಮಾತಲ್ಲಿ ಈ ಪಟ್ಟಿನ ವಿಜ್ಞಾನವೆಲ್ಲ ಇದೆ. ನಮ್ಮ ಮೈಭಾರದ ಕೇಂದ್ರ ಹೊಕ್ಕುಳಿನ ಆಸುಪಾಸಿನಲ್ಲಿರುತ್ತದೆ. ಅದು ಸರಳಿನಿಂದ ಒಂದು ತೋಳಿನಷ್ಟು ದೂರವಿದ್ದರೆ ಮೈಯನ್ನು ಮೇಲೆತ್ತಿ ತಿರುಗಿಸಲು ಭಾರೀ ಬಲ ಬೇಕು. ಸರಳಿಗೆ ಹತ್ತಿರ ಬಂದರೆ ಹತ್ತು ವರ್ಷದ ಮಗುವಿನ ಬಲವೇ ಸಾಕು. ಸೊಂಟದ ಮಡಿಕೆ ಸರಳಿಗೆ ಕೂತು ಕಾಲುಗಳು ಆಚೆ ಬದಿಗೆ ಇಳಿಯತೊಡಗಿದರೆ ಅವುಗಳ ಭಾರವೇ ಮೈಯ ಮೇಲ್ಭಾಗವನ್ನು ಎತ್ತುತ್ತದೆ. ಆ ಕ್ಷಣದಲ್ಲಿ ಹಿಡಿತವನ್ನು ಕೊಂಚ ಸಡಿಲಿಸಿ ಮಣಿಕಟ್ಟನ್ನು ಸರಳಿನ ಮೇಲಕ್ಕೆ ಹೊರಳಿಸಿಕೊಳ್ಳಬೇಕು. ಇದನ್ನು ಮರೆತ ಮಕ್ಕಳು ಮೇಲೆ ಬಂದೂ ಮುಂಗೈ ಕೆಳಗೇ ಸಿಕ್ಕಿ, ನೆಟ್ಟಗೆ ನಿಲ್ಲಲಾರದೆ ಒದ್ದಾಡುತ್ತಿದ್ದರು. ಮಣಿಕಟ್ಟು ಹೊರಳಿದವರು ಎದೆ ಎತ್ತಿ, ತೋಳು ನೆಟ್ಟಗೆ ಮಾಡಿ, ತೊಡೆಯ ಮೇಲ್ಭಾಗವನ್ನು ಸರಳಿಗೆ ಒತ್ತಿ ನಿಂತರು. ನೆಲದಿಂದ ಎರಡು ಮೊಳ ಮೇಲೆ ಅಷ್ಟೇ. ಅಲ್ಲಿಂದ ಬಯಲು, ಶಾಲೆ, ಗುಡ್ಡ ಎಲ್ಲ ನೋಡುವ ಆ ಮುಖಗಳ ಹಿಗ್ಗು ನಾನು ಯಾವ ಬಹುಮಾನ ವಿತರಣೆಯಲ್ಲೂ ಕಂಡದ್ದಲ್ಲ.

ಇಳಿಯುವುದನ್ನೂ ಕಲಿಸಬೇಕು. ಮೇಲಿಂದ ಹಾರಿಬಿಡುವುದು ಮಕ್ಕಳ ಇಷ್ಟ. ಮೇಷ್ಟ್ರು ಬಿಡಲಿಲ್ಲ. ಗದ್ದ ಎದೆಗೆ, ಮುಂದಕ್ಕೆ ಬಾಗಿ, ಸೊಂಟವನ್ನು ಸರಳಿಗೇ ಅಂಟಿಸಿಕೊಂಡು ನಿಧಾನವಾಗಿ ಉರುಳಿ ಕಾಲೂರಬೇಕು. ಎಷ್ಟು ನಿಧಾನವೋ ಅಷ್ಟು ಹೊಟ್ಟೆಯ ಸ್ನಾಯು ಕೆಲಸ ಮಾಡುತ್ತದೆ. ಮೇಲೆ ಹೋಗಲು ಇನ್ನೂ ಬಾರದ ಮಕ್ಕಳಿಗೂ ಅವರು ಈ ಇಳಿಯುವ ಪಾಠವನ್ನೇ ಮೊದಲು ಕೊಟ್ಟರು: ಮೇಷ್ಟ್ರು ಎತ್ತಿ ಕೂರಿಸುವುದು, ಮಗು ತಾನೇ ಇಳಿಯುವುದು. ಕಾಲು ಬೀಸಿದರೂ ಸೊಂಟ ಏಳದವರಿಗೆ ಮುಂದೆ ಒಂದು ಗಟ್ಟಿ ಮರದ ಪೆಟ್ಟಿಗೆ ಇಟ್ಟು, ಅದರ ಮೇಲೆ ಒಂದು ಕಾಲಿಟ್ಟು ಚಿಮ್ಮಿಸಿದರು. ಪೆಟ್ಟಿಗೆಯಿಂದ ಬಂದವರು ಮುಂದೆ ನೆಲದಿಂದಲೂ ಬರುತ್ತಾರೆ.

ನಾನು ಹೆಚ್ಚು ಹೊತ್ತು ನೋಡಿದ್ದು ಮೇಷ್ಟರ ಕೈಗಳನ್ನೇ. ಅವರು ಸರಳಿನ ಆಚೆ ಬದಿಗೆ, ಮಗುವಿನ ಪಕ್ಕಕ್ಕೆ ನಿಲ್ಲುತ್ತಾರೆ. ಕಾಲು ಮೇಲೇಳುವಾಗ ಒಂದು ಕೈ ಬೆನ್ನ ಕೆಳಗೆ. ಮಗು ಮೇಲೆ ಬಂದ ಕೂಡಲೇ ಇನ್ನೊಂದು ಕೈ ಭುಜಕ್ಕೆ, ಮುಂದಕ್ಕೆ ಮುಗ್ಗರಿಸದಂತೆ. ಎಲ್ಲಿ ಕೈ ಹಿಡಿಯುತ್ತೇನೆ ಎಂದು ಮೊದಲೇ ಎಲ್ಲರ ಎದುರು ಹೇಳುತ್ತಾರೆ, ತೋರಿಸುತ್ತಾರೆ, “ಸರೀನಾ?” ಎಂದು ಕೇಳುತ್ತಾರೆ. ಹುಡುಗಿಯರ ಸರದಿಯಲ್ಲಿ ಶಾಲೆಯ ಶಿಕ್ಷಕಿಯೊಬ್ಬರು ಬಂದು ಆಸರೆ ಕೊಡುವುದನ್ನು ಕಲಿತು ನಿಂತರು. ವರ್ಷದಿಂದ ವರ್ಷಕ್ಕೆ ಪೋಷಕರು ಹೆಣ್ಣುಮಕ್ಕಳನ್ನು ಈ ಬಯಲಿಗೆ ಕಳಿಸುತ್ತಿರುವುದು ಈ ಎಚ್ಚರಿಕೆಯಿಂದಲೇ ಎಂದು ನಾನು ಬಲವಾಗಿ ನಂಬುತ್ತೇನೆ.

ಅಂಗೈ ಗುಳ್ಳೆ ಮೊದಮೊದಲು ಎಲ್ಲರಿಗೂ ಏಳುತ್ತದೆ. ಗುಳ್ಳೆ ಎದ್ದ ದಿನ ಬಾರ್ ಮುಟ್ಟುವಂತಿಲ್ಲ. ತೊಳೆದು, ಒಣಗಿಸಿ, ಮಾಯುವವರೆಗೆ ಬೇರೆ ಕಸರತ್ತು. ಕ್ರಮೇಣ ಅಂಗೈ ಜಡ್ಡುಗಟ್ಟುತ್ತದೆ. ದೊಡ್ಡ ಕ್ರೀಡಾಕೂಟದವರು ಕೈಗೆ ಹಚ್ಚುವ ಬಿಳಿ ಪುಡಿ ಮೆಗ್ನೀಸಿಯಂ ಕಾರ್ಬೊನೇಟ್. ಬೆವರು ಹೀರಿ ಹಿಡಿತ ಕೊಡುತ್ತದೆ. ಇಲ್ಲಿನ ಒಣ ಹವೆಯಲ್ಲಿ ಎಳೆಯ ಮಕ್ಕಳ ಈ ಪಾಠಕ್ಕೆ ಕೈ ಒರೆಸಿಕೊಳ್ಳುವ ಟವೆಲ್ ಸಾಕಾಗಿತ್ತು.

ಈ ಸರಳಿನ ವಂಶಾವಳಿ ಜರ್ಮನಿಯದು. 1811ರಲ್ಲಿ ಬರ್ಲಿನ್ನಿನ ಹಾಸೆನ್‌ಹೈಡೆ ಬಯಲಿನಲ್ಲಿ ಫ್ರೀಡ್ರಿಕ್ ಲುಡ್ವಿಗ್ ಯಾನ್ ಎಂಬ ಶಿಕ್ಷಕ ತೆರೆದ ವ್ಯಾಯಾಮದ ಅಂಗಳದಿಂದ ಅದು ಲೋಕಕ್ಕೆ ಹಬ್ಬಿತು. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲೇ ಸಿಂಗಲ್ ಬಾರ್, ಡಬಲ್ ಬಾರ್ ಎರಡೂ ಇದ್ದವು. ಒಂದು ಎತ್ತರ, ಒಂದು ತಗ್ಗು ಸರಳಿರುವ ಹೆಣ್ಣುಮಕ್ಕಳ ಅಸಮ ಬಾರ್‌ಗೆ ಪ್ರತ್ಯೇಕ ಪದಕ ಬಂದದ್ದು 1952ರಲ್ಲಿ. 1976ರ ಮಾಂಟ್ರಿಯಲ್‌ನಲ್ಲಿ ರುಮೇನಿಯದ ಹದಿನಾಲ್ಕರ ನಾದಿಯಾ ಕೊಮನೆಚಿ ಅದೇ ಅಸಮ ಬಾರ್ ಮೇಲೆ ಒಲಿಂಪಿಕ್ಸ್‌ನ ಮೊದಲ ಪೂರ್ಣ ಹತ್ತು ಅಂಕ ಪಡೆದಾಗ, ಹತ್ತು ತೋರಿಸುವ ಏರ್ಪಾಡಿಲ್ಲದ ಫಲಕದಲ್ಲಿ 1.00 ಎಂದು ಮೂಡಿತು. ನಮ್ಮಲ್ಲಿ ತ್ರಿಪುರಾದ ಅಗರ್ತಲಾದಿಂದ ಬಂದ ದೀಪಾ ಕರ್ಮಾಕರ್ 2016ರ ರಿಯೋದಲ್ಲಿ ವಾಲ್ಟ್‌ನಲ್ಲಿ ನಾಲ್ಕನೆಯವರಾದರು. ಕಂಚಿಗೂ ಅವರಿಗೂ ಇದ್ದ ಅಂತರ 0.150 ಅಂಕ. ಆಕೆ ಮಹಾನಗರದ ಹುಡುಗಿಯಲ್ಲ ಎಂಬುದನ್ನು ನಾನು ಈ ಬಯಲಿನ ಮಕ್ಕಳಿಗೆ ಹೇಳಿದೆ. ಹೊಳಲ್ಕೆರೆಯ ಮಕ್ಕಳೆಲ್ಲ ರಿಯೋಗೆ ಹೋಗಲಿ ಎಂದು ಈ ಮಾತು ಹೇಳಲಿಲ್ಲ. ದೂರದ ಊರು ಅಡ್ಡಿಯಲ್ಲ ಎಂದು ಅವರಿಗೆ ತಿಳಿಯಲಿ ಎಂದು ಹೇಳಿದೆ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೂ ಹೋಗಿಬಂದೆ. ಅದು ರಂಗಭೂಮಿಯ ಊರು. ಅಲ್ಲಿಂದ ಊರೂರಿಗೆ ಹೊರಡುವ ಶಿವಸಂಚಾರ ತಂಡದ ನಾಟಕಗಳಲ್ಲಿ ನಟರ ಮೈ ಹಗುರಾಗಿ ಏಳುವುದು, ಬೀಳುವುದು, ಹೊರಳುವುದನ್ನು ನೋಡಿದವರಿಗೆ ಮೈಯ ಕಲಿಕೆ ಪಂದ್ಯಕ್ಕಷ್ಟೇ ಅಲ್ಲ ಎಂದು ಬೇರೆ ಹೇಳಬೇಕಿಲ್ಲ.

ಕೊನೆಗೆ ಹಿರಿಯೂರು. ವಾಣಿವಿಲಾಸ ಸಾಗರದ ನೀರಿನ ಊರು. ನಾನು ಹುಡುಕಿದ್ದು ಅಲ್ಲಿನ ಪೈಪಿನ ಅಂಗಡಿ, ವೆಲ್ಡಿಂಗ್ ಅಂಗಡಿಗಳನ್ನು. ಬೋರ್‌ವೆಲ್ಲಿಗೆ, ತೋಟಕ್ಕೆ ಜಿ.ಐ. ಪೈಪ್ ಮಾರುವ ಪೇಟೆಯಲ್ಲಿ ಒಂದು ಬಾರ್‌ಗೆ ಬೇಕಾದ್ದೆಲ್ಲ ಸಿಗುತ್ತದೆ. ಅಳತೆಯೊಂದನ್ನು ಗಮನದಲ್ಲಿಡಬೇಕು. ಅಂಗಡಿಯವರು ಹೇಳುವ ಒಂದಿಂಚು ಪೈಪಿನ ಒಳ ಅಳತೆ. ಅದರ ಹೊರ ಅಳತೆ 33 ಮಿಲಿಮೀಟರ್ ದಾಟುತ್ತದೆ. ಒಂದೂಕಾಲಿಂಚಿನದು 42 ಮಿಲಿಮೀಟರ್ ದಪ್ಪ, ಎಳೆಯ ಬೆರಳು ಅದನ್ನು ಸುತ್ತಲಾರದು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಗಂಡಸರು ಹಿಡಿಯುವ ಉಕ್ಕಿನ ಸರಳೇ 28 ಮಿಲಿಮೀಟರ್ ಮಾತ್ರ. ಹಾಗಾಗಿ ಮಕ್ಕಳಿಗೆ ಒಂದಿಂಚಿನ, ದಪ್ಪ ಗೋಡೆಯ ಹೆವಿ ಪೈಪು. ಕಂಬದಿಂದ ಕಂಬಕ್ಕೆ ಐದಡಿ ಮೀರದಿದ್ದರೆ ಬಾಗುವುದಿಲ್ಲ. ಕಂಬ ಎರಡಡಿ ಕಾಂಕ್ರೀಟಿನೊಳಗೆ ಹೋಗಲಿ. ವೆಲ್ಡಿಂಗಿನ ಗಂಟುಗಳನ್ನು ಉಜ್ಜಿ ನುಣುಪು ಮಾಡಿಸಲಿ, ಸರಳಿಗೆ ಬಣ್ಣ ಬಳಿಯುವುದು ಬೇಡ, ಬಣ್ಣ ಜಾರುತ್ತದೆ. ಇಂಥ ಬಾರ್ ಜೋತುಬೀಳಲು, ಪುಲ್‌ಓವರ್‌ಗೆ, ಇಳಿಯುವ ಉರುಳಿಗೆ ಸರಿ. ದೊಡ್ಡ ತೂಗಾಟಕ್ಕೆ ಅದಕ್ಕೆಂದೇ ಮಾಡಿದ ಸಲಕರಣೆ ಬೇಕು.

ಎತ್ತರ ಮೂರೂವರೆ ಅಡಿ. ಪಕ್ಕದಲ್ಲಿ ನಾಲ್ಕೂವರೆ ಅಡಿಯ ಇನ್ನೊಂದು ಇದ್ದರೆ ಏಳನೇ ಕ್ಲಾಸಿನವರೆಗೂ ಆಯಿತು. ಭರ್ತಿಯ ಹುಡುಗರ ಎತ್ತರದ ಬಾರ್ ಇದ್ದೇ ಇರಲಿ, ಅದನ್ನು ಯಾರೂ ಕೀಳಬೇಕಿಲ್ಲ.

ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರಲ್ಲಿ, ಹಳೆಯ ವಿದ್ಯಾರ್ಥಿ ಸಂಘಗಳವರಲ್ಲಿ ನನ್ನದೊಂದು ಕೋರಿಕೆ. ಶಾಲೆಗೆ ಏನಾದರೂ ಕೊಡಬೇಕೆಂದು ಯೋಚಿಸುವಾಗ ಗೋಡೆಗೆ ಹೆಸರು ಬರೆಸುವ ಮುಂಚೆ ನಿಮ್ಮೂರ ವೆಲ್ಡಿಂಗ್ ಅಂಗಡಿಗೆ ಹೋಗಿ. ನೆರಳಿರುವ ಒಂದು ಮೂಲೆ ನೋಡಿ, ಎರಡು ಕಂಬ ನೆಡಿಸಿ, ಒಂದು ಟ್ರ್ಯಾಕ್ಟರ್ ಮರಳು ಹಾಕಿಸಿ. ಆಸರೆ ಕೊಡುವುದನ್ನು ಬಲ್ಲ ಒಬ್ಬ ಮೇಷ್ಟ್ರು ಅಥವಾ ಮೇಡಂ ಹತ್ತಿರವಿಲ್ಲದೆ ಮಕ್ಕಳನ್ನು ಅದಕ್ಕೆ ಬಿಡಬೇಡಿ. ಮತ್ತೆ, ಹೆಣ್ಣುಮಕ್ಕಳನ್ನು ಸಾಲಿನಲ್ಲಿ ಮುಂದೆ ನಿಲ್ಲಿಸಿ.